ಹತ್ತಕ್ಕೆ ಎಂಟರಷ್ಟು ಕೆಂಪು

ಅಕ್ಕನ ಮನೆಯಲ್ಲಿ ಕೂತು ನನ್ನನ್ನು ಬೈದುಕೊಳ್ಳುತ್ತಿರುವ ನನ್ನ ಸೊಸೆಗೆ,

ಬೈಯುತ್ತಿಲ್ಲ ಅಂತಾದರೆ ಈಗಲಾದರೂ ಶುರು ಮಾಡು. ಈ ಕಾಗದ ಮುಗಿಯುವಷ್ಟರಲ್ಲಿ ಹೇಗೂ ಶುರು ಮಾಡುತ್ತೀಯ.

ಅಕ್ಷರ ನೋಡಿ ಗಾಬರಿಯಾಗಬೇಡ. ಇದು ಸಿಸ್ಟರ್ ಕೊಟ್ಟ ದಪ್ಪ ಪೆನ್ನು, ಔಷಧಿ ಡಬ್ಬಿಗಳ ಮೇಲೆ ಹೆಸರು ಬರೆಯುವಂಥದ್ದು. ಸಾಲು ಇಳಿಜಾರಾಗಿದ್ದರೆ, ಒಂದರ ಮೇಲೊಂದು ಹತ್ತಿ ಕೂತಿದ್ದರೆ, ನೀನೇ ಬಿಡಿಸಿಕೊಂಡು ಓದು. ಎಡಗಣ್ಣು ಹೋದ ಮೇಲೆ ಕಾಗದದ ಎಡಗಡೆ ಅಂಚನ್ನು ಬೆರಳಿಟ್ಟು ಹುಡುಕಬೇಕಾಗಿದೆ. ಮಗನಿಗೆ ಹೇಳಿ ಬರೆಸಬಹುದಿತ್ತು. ಆದರೆ ಇದರಲ್ಲಿರುವುದನ್ನು ಅವನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ನಿನಗೆ ಹೇಳುವುದು ಸುಲಭ, ಯಾಕೆಂದರೆ ನಿನಗೆ ಎಲ್ಲವೂ ಗೊತ್ತು.

ಇವತ್ತು ಮಂಗಳವಾರ. ಮಧ್ಯಾಹ್ನ ಒಂದೂವರೆ. ಬೆಳಿಗ್ಗೆ ಏಳಕ್ಕೆ ಸಿಸ್ಟರ್ ಬಂದಿದ್ದಳು. ದಿನಾ ಆ ಹೊತ್ತಿಗೆ ಬಂದು ಜೇಬಿನಿಂದ ಕೆಂಪು ಮುಚ್ಚಳವೊಂದನ್ನು ತೆಗೆಯುತ್ತಾಳೆ. ಕಣ್ಣಿನ ಹನಿ ಔಷಧಿಯ ಬಾಟಲಿಯ ಮುಚ್ಚಳ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಒಂದು ಕಣ್ಣು ಮುಚ್ಚಿಸಿ, ಇನ್ನೊಂದಕ್ಕೆ ಅದನ್ನು ತೋರಿಸಿ ಕೇಳುತ್ತಾಳೆ, “ಅಮ್ಮಾ, ಹತ್ತಕ್ಕೆ ಎಷ್ಟು ಕೆಂಪು?” ಎಡಗಣ್ಣಿನ ಕಡೆ ಹೇಳುವುದಕ್ಕೇ ಏನೂ ಇಲ್ಲ, ಅಲ್ಲಿ ಬೂದಿ ಬಣ್ಣದ ಗೋಡೆ. ಬಲಗಣ್ಣಿಗೆ ಶನಿವಾರದಿಂದ ನಿನ್ನೆಯವರೆಗೆ ಹತ್ತಕ್ಕೆ ಹತ್ತು. ಇವತ್ತು ಎಂಟು. ಅನುಮಾನವೇ ಬೇಡ, ನಲವತ್ತೇಳು ವರ್ಷ ಬಣ್ಣ ನೋಡಿದವಳು ಹೇಳುತ್ತಿದ್ದೇನೆ, ಎಂಟು.

ನಾನು “ಹತ್ತು” ಅಂದೆ.

ಅವಳು ಬರೆದುಕೊಂಡಳು. “ಹಾಗಾದ್ರೆ ನಾಳೆ ಮನೆಗೆ ಹೋಗ್ತೀರ ಅನ್ನಿ” ಅಂತ ನಕ್ಕು ಪಕ್ಕದ ಹಾಸಿಗೆಗೆ ಹೋದಳು. ಆಗಿನಿಂದ ಆರೂವರೆ ಗಂಟೆ ಕಳೆದಿದೆ. ಇದ್ದೊಂದು ಕಣ್ಣೂ ಹೋಗುತ್ತಿದೆಯೋ ಏನೋ, ಅದನ್ನು ಹೇಳಬೇಕಾದ ಬಾಯಿ ಮುಚ್ಚಿಕೊಂಡಿದೆ. ಕರೆಗಂಟೆಯ ಗುಂಡಿ ನನ್ನ ದಿಂಬಿನ ಪಕ್ಕದಲ್ಲೇ ಇದೆ. ಅದನ್ನು ಒತ್ತುವ ಬದಲು ನಿನಗೆ ಕಾಗದ ಬರೆಯಲು ಕೂತಿದ್ದೇನೆ. ನಿನ್ನ ಅತ್ತೆ ಎಂಥ ಬುದ್ಧಿವಂತೆ ನೋಡು.

ದೊಡ್ಡ ಡಾಕ್ಟರು ಶುಕ್ರವಾರ ಹೇಳಿದ್ದು ನಿನಗೆ ನೆನಪಿರಬೇಕು, ನೀನೂ ಅಲ್ಲೇ ನಿಂತಿದ್ದೆ. “ಅಮ್ಮಾ, ಕಣ್ಣುಗುಡ್ಡೆ ಚೆನ್ನಾಗೇ ಇದೆ. ಕಣ್ಣಿಂದ ಮೆದುಳಿಗೆ ಹೋಗೋ ನರ ಊದ್ಕೊಂಡಿದೆ. ಅದಕ್ಕೆ ರಕ್ತ ತರೋ ನಾಳಕ್ಕೇ ಉರಿಯೂತ. ವಯಸ್ಸಾದವರಲ್ಲಿ ಬರುತ್ತೆ ಇದು. ಎಡಗಣ್ಣು ವಾಪಸ್ ಬರೋದು ಕಷ್ಟ, ಸುಳ್ಳು ಹೇಳಲ್ಲ. ಈಗ ನಾವು ಕಾಯ್ತಿರೋದು ಬಲಗಣ್ಣನ್ನ. ಸ್ವಲ್ಪ ಮಂಜಾದ್ರೂ, ಬಣ್ಣ ಮಾಸಿದ ಹಾಗೆ ಕಂಡ್ರೂ, ಆ ಕ್ಷಣಾನೇ ಹೇಳ್ಬೇಕು. ಇಲ್ಲಿ ದಿನದ ಲೆಕ್ಕ ಅಲ್ಲ, ಗಂಟೆ ಲೆಕ್ಕ.” ನನ್ನ ಮಗ ಲಿಫ್ಟ್ ರಿಪೇರಿಯವನಲ್ಲವೇ, “ಬಲ್ಬ್ ಸರಿ ಇದೆ, ವೈರು ಸುಟ್ಟಿದೆ ಅಂದ ಹಾಗಾಯ್ತು” ಅಂದ. ಡಾಕ್ಟರು ಹೌದು ಅಂದರು. ಇಷ್ಟೆಲ್ಲ ಕೇಳಿಸಿಕೊಂಡವಳು ಬೆಳಿಗ್ಗೆ “ಹತ್ತು” ಅಂದೆ. ಯಾಕೆ ಅಂದೆ ಅಂತ ನನಗೇ ತಿಳಿಯಬೇಕಾದರೆ ಹಿಂದಿನದನ್ನೆಲ್ಲ ಒಂದು ಸಲ ಬರೆದು ನೋಡಬೇಕು.

ಗಂಡ ಸತ್ತಾಗ ನನ್ನ ಮಗನಿಗೆ ಮೂರು ವರ್ಷ. ಬಣ್ಣ ಹಾಕುವ ಮಿಲ್ಲಿನಲ್ಲಿ ಬಟ್ಟೆ ಹಿಂಡುವ ಕೆಲಸಕ್ಕೆ ಸೇರಿದೆ. ಒಂದು ದಿನ ಹಳೆಯ ಮಾಲೀಕರು ಎರಡು ನೀಲಿ ತುಂಡು ಹಿಡಿದು ಒಂದೇನಾ ಬೇರೆಯಾ ಅಂತ ಎಲ್ಲರನ್ನೂ ಕೇಳುತ್ತಿದ್ದರು. ಎಲ್ಲರೂ ಒಂದೇ ಅಂದರು. ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು “ಎರಡನೇದ್ರಲ್ಲಿ ಹಸಿರು ಸೇರ್ಕೊಂಡಿದೆ” ಅಂದೆ. ಮಾರನೇ ದಿನದಿಂದ ಬಣ್ಣ ಹೊಂದಿಸುವ ಕೋಣೆ ನನ್ನದಾಯಿತು. ಆ ಕೋಣೆಯ ಉತ್ತರದ ಕಿಟಕಿ, ಉದ್ದನೆಯ ಬಿಳಿ ಮೇಜು, ನಾನು. ಮಗನನ್ನು ಸಾಕಿದ್ದು, ಓದಿಸಿದ್ದು, ಎರಡು ಕೋಣೆಯ ಮನೆ ಮಾಡಿದ್ದು ಎಲ್ಲಾ ಈ ಕಣ್ಣು. ಮಿಲ್ಲಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ನಾನು ಕಣ್ಣಮ್ಮ. ಎಪ್ಪತ್ತೆರಡಾದರೂ ಯಾರೂ ಮನೆಗೆ ಹೋಗು ಅನ್ನಲಿಲ್ಲ. ಕಣ್ಣು ಹೋದ ಕಣ್ಣಮ್ಮನನ್ನು ಯಾರು ಇಟ್ಟುಕೊಳ್ಳುತ್ತಾರೆ ಹೇಳು.

ನೀನು ಮದುವೆಯಾಗಿ ಬಂದ ಎರಡನೇ ವರ್ಷ ನಿನ್ನನ್ನು ಆ ಕೋಣೆಗೆ ಕರೆದುಕೊಂಡು ಹೋದೆ. ಹತ್ತೊಂಬತ್ತು ವರ್ಷ ನೀನು ಬಣ್ಣದ ಪುಡಿ ತೂಗಿದೆ, ನಾನು ನೋಡಿದೆ. ನಿನಗೆ ಒಳ್ಳೆಯ ಕಣ್ಣಿದೆ ಅಂತ ಮೊದಲ ವಾರವೇ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಸೊಸೆಯನ್ನು ಹೊಗಳಿದರೆ ತಲೆ ಮೇಲೆ ಕೂರುತ್ತಾಳೆ ಅಂತ ನನ್ನ ಅತ್ತೆ ಹೇಳಿಕೊಟ್ಟಿದ್ದರು. ಅವರು ನನಗೆ ಕಲಿಸಿದ ಕೆಟ್ಟ ಪಾಠಗಳಲ್ಲಿ ಅದೂ ಒಂದು.

ನನ್ನ ಕೆಲಸದ ರೀತಿ ನಿನಗೆ ಗೊತ್ತು. ಬೇರೆ ಮಿಲ್ಲುಗಳಲ್ಲಿ ಗಿರಾಕಿ ಕೊಟ್ಟ ಮೂಲ ತುಂಡನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡುತ್ತಾರೆ. ನಾನು ಇಡುವವಳಲ್ಲ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಒಂದು ಸಲ ನೋಡಿದರೆ ಮುಗಿಯಿತು. “ಮೂಲ ತುಂಡು ನನ್ನ ತಲೆಯಲ್ಲಿದೆ” ಅಂತ ಜಂಬ. ಪಕ್ಕದಲ್ಲಿಟ್ಟು ನೋಡಿದ್ದರೆ ಎರಡೂ ಒಂದೇ ಸಮ ಮಾಸಿದ ಹಾಗೆ ಕಂಡು, ನನಗೆ ಅವತ್ತೇ ಅನುಮಾನ ಬರುತ್ತಿತ್ತು. ತಲೆಯಲ್ಲಿದ್ದ ಕೆಂಪು ಹಾಗೇ ಇತ್ತು. ಕಣ್ಣಿಗೆ ಬಂದ ಕೆಂಪು ಮಾತ್ರ ತೆಳುವಾಗಿತ್ತು. ಆದ್ದರಿಂದ ತಪ್ಪು ಬಟ್ಟೆಯದೇ ಅಂತ ನಾನು ತೀರ್ಮಾನ ಮಾಡಿದೆ.

ಎರಡು ವಾರದ ಹಿಂದಿನ ಮಂಗಳವಾರ. ಬಸ್ಸಿನ ಸೀಟಿನ ಕೆಂಪು ಬಟ್ಟೆ. ಕಿಟಕಿಯ ಹತ್ತಿರ ಹಿಡಿದು ನೋಡಿದೆ, ಒಗೆದೊಗೆದು ಬಣ್ಣ ಬಿಟ್ಟ ಹಾಗಿತ್ತು. “ಪೇಲವ ಇದೆ, ಇನ್ನೊಂದು ಸಲ ಹಾಕಿ” ಅಂದೆ. ನೀನು ಮೂಲ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಬಂದೆ. “ಅತ್ತೆ, ಬಣ್ಣ ಸರಿ ಇದೆ. ಒಂದ್ಸಲ ಪಕ್ಕದಲ್ಲಿಟ್ಟು ನೋಡಿ. ಬೇಜಾರಾಗ್ಬೇಡಿ, ನಿಮ್ಮ ಕಣ್ಣಿಗೇ ಏನೋ ಆಗಿದೆ ಅನ್ಸುತ್ತೆ.” ಎಷ್ಟು ಮೆಲ್ಲಗೆ ಹೇಳಿದೆ ಅಂತ ನನಗೆ ನೆನಪಿದೆ, ನನಗೊಬ್ಬಳಿಗೇ ಕೇಳಲಿ ಅಂತ. ನಾನು ಆರು ಜನಕ್ಕೆ ಕೇಳುವ ಹಾಗೆ ಉತ್ತರ ಕೊಟ್ಟೆ. “ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ನನಗೆ ಕಣ್ಣಿನ ಪಾಠ ಹೇಳ್ಬೇಡ. ತೂಗೋ ಕೆಲಸ ತೂಗು.” ಕುದಿಯುವ ತೊಟ್ಟಿಯ ಹತ್ತಿರದವರು ನಕ್ಕರು. ನೀನು ಹೋಗಿ ತೂಗಿದೆ.

ಬಟ್ಟೆ ರಕ್ತ ಹೆಪ್ಪುಗಟ್ಟಿದ ಬಣ್ಣಕ್ಕೆ ತಿರುಗಿತು. ಮಧ್ಯಾಹ್ನವೇ ತಪಾಸಣೆಯವರು ಪೂರ್ತಿ ಲಾಟನ್ನು ವಾಪಸ್ ಕಳಿಸಿದರು. ಮಾಲೀಕರ ಮಗ ಮೇಜಿನ ಮುಂದೆ ನಿಂತು ಏನಾಯಿತು ಅಂತ ಕೇಳಿದಾಗ ನಾನು ಹೇಳಿದ್ದು ಇಷ್ಟೇ, “ತೂಕ ಮಾಡೋಳು ಅವಳು.” ಸುಳ್ಳಲ್ಲ ನೋಡು, ತೂಕ ಮಾಡುವವಳು ನೀನೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಣ್ಣಾದವಳು ನೀನು. ನಿನ್ನನ್ನು ಬಟ್ಟೆ ಮಡಚುವ ಕಡೆಗೆ ಹಾಕಿದರು. ಅವತ್ತು ಸಂಜೆ ಮನೆಗೆ ನಡೆದುಕೊಂಡು ಬರುವಾಗ ನನ್ನ ಚೀಲವನ್ನೂ ನೀನೇ ಹಿಡಿದುಕೊಂಡಿದ್ದೆ.

ಅಷ್ಟಾದರೂ ಮಾರನೇ ದಿನ ನನ್ನನ್ನು ಕಣ್ಣಿನ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದವಳು ನೀನೇ. ಅಲ್ಲಿ ನಾನು ಮಾಡಿದ್ದನ್ನೂ ಬರೆಯಬೇಕು.

ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮನ ಕೈಯಲ್ಲೂ ಇಂಥದ್ದೇ ಕೆಂಪು ಮುಚ್ಚಳ ಇತ್ತು. ಬಲಗಣ್ಣಿಗೆ ತೋರಿಸಿದಳು, ಹೊಸ ಕೆಂಪು, ಸ್ವಲ್ಪ ಕಿತ್ತಳೆಯ ಕಡೆ ವಾಲಿದ್ದು. ಎಡಗಣ್ಣಿಗೆ ತೋರಿಸಿದಳು, ಇಟ್ಟಿಗೆ ಪುಡಿ. “ಎರಡೂ ಒಂದೇ ಥರ ಕಾಣ್ತಿದೆಯಾ?” ಅಂದಳು. ಬೇರೆ ಯಾರೇ ಆಗಿದ್ದರೂ ಕಂಡದ್ದನ್ನು ಹೇಳಿ ಬಚಾವಾಗುತ್ತಿದ್ದರು. ನಾನು ಬಣ್ಣದವಳು. ಕಂಡದ್ದನ್ನು ಬಿಟ್ಟು ಗೊತ್ತಿದ್ದದ್ದನ್ನು ಹೇಳಿದೆ. “ಒಂದೇ. ಕಿತ್ತಳೆ ಬೆರೆತ ಕೆಂಪು, ಎರಡು ಕಣ್ಣಿಗೂ” ಅಂದೆ. ಆಕೆ ಹುಬ್ಬೇರಿಸಿ ಮೆಚ್ಚಿಕೊಂಡಳು. ನನಗೆ ಖುಷಿಯಾಯಿತು! ಪರೀಕ್ಷೆಯಲ್ಲಿ ಪಾಸಾದ ಖುಷಿ.

ಆಮೇಲೆ ಆಕೆ ಕೇಳಿದಳು, ತಲೆನೋವು ಇದೆಯಾ, ಅಗಿಯುವಾಗ ದವಡೆ ನೋಯುತ್ತದಾ, ತಲೆ ಬಾಚುವಾಗ ನೆತ್ತಿ ನೋಯುತ್ತದಾ. ಮೂರಕ್ಕೂ ಇಲ್ಲ ಅಂದೆ. ಮೂರೂ ಇತ್ತು. ಕಣತಲೆ ಹದಿನೈದು ದಿನದಿಂದ ಮೊಳೆ ಹೊಡೆದ ಹಾಗೆ ನೋಯುತ್ತಿತ್ತು, ನಾಲ್ಕು ತುತ್ತು ಅಗಿದರೆ ದವಡೆ ಸೋತು ಬಾಯಿ ನಿಲ್ಲುತ್ತಿತ್ತು. ನೀನು ತಡೆಯಲಾರದೆ ಬಾಯಿ ಹಾಕಿದೆ, “ಡಾಕ್ಟ್ರೇ, ಬಾಚಣಿಗೆ ತಾಗಿದ್ರೆ ಸಾಕು, ನೋವು ಅಂತಾರೆ. ದಿನಾ ನಾನೇ ಬಾಚೋದು.” ನಾನು ತಿರುಗಿ “ನೀನು ನೇಗಿಲು ಹೂಡಿದ ಹಾಗೆ ಬಾಚ್ತೀಯ, ಅದಕ್ಕೆ ನೋವು” ಅಂದೆ. ಡಾಕ್ಟರಮ್ಮ ನಕ್ಕುಬಿಟ್ಟಳು. ನೀನು ಮಾತ್ರ ನಗಲಿಲ್ಲ. ಆ ನಗುವಿನಲ್ಲಿ ನನ್ನ ಕಣ್ಣು ಹೋಯಿತು ಅಂತ ಈಗ ಲೆಕ್ಕ ಹಾಕುತ್ತೇನೆ.

ಆದರೂ ಆಕೆ ಜಾಣೆ. ಯಾವುದಕ್ಕೂ ಇರಲಿ ಅಂತ ರಕ್ತ ಪರೀಕ್ಷೆಗೆ ಚೀಟಿ ಬರೆದುಕೊಟ್ಟಳು, ಅವತ್ತೇ ಮಾಡಿಸಿ, ನಾಳೆಯೇ ತೋರಿಸಿ ಅಂತ ಎರಡು ಸಲ ಹೇಳಿದಳು. ನಾನು ಚೀಟಿ ಮಡಚಿ ಇಟ್ಟುಕೊಂಡೆ. ಎರಡು ದಿನ ಬಿಟ್ಟು ನೀನು ಕೇಳಿದೆ, “ಅತ್ತೆ, ರಕ್ತ ಕೊಟ್ರಾ? ಕೊಟ್ಟಿಲ್ಲ ಅಂದ್ರೆ ಈಗ್ಲೇ ಹೋಗೋಣ, ನಾನು ರಜೆ ಹಾಕ್ತೀನಿ.” “ಕೊಟ್ಟೆ, ಎಲ್ಲಾ ಸರಿ ಇದೆಯಂತೆ” ಅಂದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ನನಗೆ ಬೇಕಾಗಿದ್ದು ಒಂದೇ, ನನ್ನ ಕಣ್ಣಿನ ಬಗ್ಗೆ ಯಾವ ಕಾಗದದ ಮೇಲೂ ಏನೂ ಬರೆದಿರಬಾರದು. ಚೀಟಿ ಈಗಲೂ ನನ್ನ ಕನ್ನಡಕದ ಡಬ್ಬಿಯಲ್ಲೇ ಇದೆ.

ಕ್ಲಿನಿಕ್ಕಿಗೆ ಹೋಗಿ ಬಂದ ಒಂಬತ್ತನೇ ದಿನ, ಶುಕ್ರವಾರ ಬೆಳಿಗ್ಗೆ, ಅದೇ ಉತ್ತರದ ಕಿಟಕಿಯ ಹತ್ತಿರ ಎಡಗಣ್ಣಿನ ಮೇಲಿನಿಂದ ಬೂದು ಪರದೆ ಇಳಿಯಿತು. ನೋವಿಲ್ಲ, ಸದ್ದಿಲ್ಲ. ಮೊದಲು ಬಟ್ಟೆಯ ಮೇಲ್ಭಾಗ ಹೋಯಿತು, ಆಮೇಲೆ ನನ್ನ ಬೆರಳುಗಳು. ಯಾರನ್ನೂ ಕರೆಯಲಿಲ್ಲ. ಹೋದದ್ದು ವಾಪಸ್ ಬಂದೀತು ಅಂತ ಮೇಜು ಹಿಡಿದುಕೊಂಡು ಕಾಲು ಗಂಟೆ ನಿಂತಿದ್ದೆ. ಹಿಂದಿನ ವಾರ ಎರಡು ಸಲ ಹೀಗೇ ಮಬ್ಬಾಗಿ ತಿಳಿಯಾಗಿತ್ತು. ಅದನ್ನೂ ನಿನಗೆ ಹೇಳಿರಲಿಲ್ಲ.

ಈಗ ಶುಕ್ರವಾರ ಸಂಜೆಯದು. ಇದಕ್ಕಾಗಿಯೇ ಪೆನ್ನು ಹಿಡಿದದ್ದು, ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ.

ದೊಡ್ಡ ಡಾಕ್ಟರು ಎಲ್ಲ ಹೇಳಿ ಮುಗಿಸಿ, “ಹತ್ತು ದಿನ ಮುಂಚೆ ಬಂದಿದ್ರೆ ಈ ಕಣ್ಣೂ ಉಳೀತಿತ್ತೇನೋ” ಅಂದರು. ಮಗ ಗೋಡೆಗೆ ಒರಗಿದ. ಅವನ ಕೈಯಲ್ಲಿ ಇನ್ನೂ ಗ್ರೀಸು, ಯಾವುದೋ ಲಿಫ್ಟನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದ. “ಅಮ್ಮ, ಒಬ್ಬರಿಗೂ ಗೊತ್ತಾಗ್ಲಿಲ್ವಾ? ಮನೇಲಿ ಒಬ್ಬರಿಗೂ?” ಅಂತ ಕೇಳಿದ. ಆ ಪ್ರಶ್ನೆ ನನ್ನನ್ನೇ ಕೇಳಿದ್ದು. ಅವನಿಗೆ ಉತ್ತರ ಕೊಡಬೇಕು ಅಂದರೆ ನಾನು ಚೀಟಿಯ ವಿಷಯ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ. “ಇವಳಿಗೆ ಗೊತ್ತಿತ್ತು. ದಿನಾ ಜೊತೆಗಿರ್ತಾಳೆ. ಒಂದು ಮಾತು ಬಾಯಿ ಬಿಡ್ಲಿಲ್ಲ.”

ನಾನು ಹೇಳಿದೆ, ಕಣೇ. ಈ ಬಾಯಿಯಲ್ಲೇ ಆ ಮಾತು ಬಂತು.

ನೀನು ಮೂರು ಸಲ ಹೇಳಿದ್ದೆ. ಕಿಟಕಿಯ ಹತ್ತಿರ ಒಂದು ಸಲ, ಕ್ಲಿನಿಕ್ಕಿನಲ್ಲಿ ಒಂದು ಸಲ, ರಕ್ತ ಕೊಟ್ರಾ ಅಂತ ಕೇಳಿ ಒಂದು ಸಲ. ಆ ಕ್ಷಣದಲ್ಲಿ ನೀನು ಬಾಯಿ ತೆರೆದಿದ್ದರೆ ನನ್ನ ಸುಳ್ಳು ಅಲ್ಲೇ ಕಳಚಿ ಬೀಳುತ್ತಿತ್ತು. ನೀನು ತೆರೆಯಲಿಲ್ಲ. ಅರ್ಧ ಕುರುಡಿಯಾಗಿ ಮಲಗಿದ್ದವಳ ಜೊತೆ ವಾದ ಯಾಕೆ ಅಂತ ಬಿಟ್ಟೆಯೋ, ನಾನೇ ಸರಿಪಡಿಸುತ್ತೇನೆ ಅಂತ ಕಾದೆಯೋ ಗೊತ್ತಿಲ್ಲ. ಮಗ ನಿನ್ನ ಮುಖ ನೋಡದೆ “ನೀನು ಮನೇಗ್ ಹೋಗು” ಅಂದ. ನೀನು ಫ್ಲಾಸ್ಕನ್ನು ನನ್ನ ಬಲಗಡೆಗೆ, ಕಾಣುವ ಕಡೆಗೆ, ಸರಿಸಿಟ್ಟು ಹೋದೆ. ಅವತ್ತು ರಾತ್ರಿಯೇ ಅಕ್ಕನ ಮನೆಗೆ ಹೋದೆಯಂತೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಾದ ಮೇಲೆ ಬಂದೀತೇ ಅಂತಾರೆ. ನಾನಂತೂ ಕೊಯ್ದದ್ದು ನಿನ್ನ ಮೂಗನ್ನು.

ಯಾಕೆ ಹಾಗೆ ಹೇಳಿದೆ? ನಾಲ್ಕು ದಿನದಿಂದ ನನಗೆ ನಾನೇ ಬೇರೆ ಬೇರೆ ಕಾರಣ ಕೊಟ್ಟುಕೊಂಡೆ. ಗಾಬರಿ, ವಯಸ್ಸು, ನೋವು. ಯಾವುದೂ ಅಲ್ಲ. ನನ್ನ ಮಗನ ಕಣ್ಣಲ್ಲಿ ನಾನು ತಪ್ಪು ಮಾಡಿದವಳಾಗಬಾರದಿತ್ತು, ಅಷ್ಟೇ. ಅವನು ಮೂರು ವರ್ಷದವನಿದ್ದಾಗಿನಿಂದ ಅವನಿಗೆ ನಾನು ತಪ್ಪೇ ಮಾಡದ ಅಮ್ಮ. ಆ ಹೆಸರನ್ನು ಉಳಿಸಿಕೊಳ್ಳಲು ನಿನ್ನ ಹೆಸರನ್ನು ಕೊಟ್ಟುಬಿಟ್ಟೆ. ಇವತ್ತು ಬೆಳಿಗ್ಗೆ ಹತ್ತು ಅಂದದ್ದೂ ಅದೇ ರೋಗ. ಇಲ್ಲಿಂದ ಗೆದ್ದು ಮನೆಗೆ ಹೋಗಬೇಕು, ಒಂದೇ ಕಣ್ಣಲ್ಲಾದರೂ ಕಣ್ಣಮ್ಮನಾಗಿಯೇ ಹೋಗಬೇಕು ಅಂತ. ಡಾಕ್ಟರು ಹೇಳುವ ಉರಿಯೂತ ನರಕ್ಕೆ ಬಂದದ್ದು ಈಗ. ನನ್ನ ನಾಲಿಗೆಗೆ ಬಂದು ಎಷ್ಟೋ ವರ್ಷವಾಗಿದೆ.

ಎದುರುಗಡೆ ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಒಂದು ನೇತಾಡುತ್ತಿದೆ. ಬರೆಯುತ್ತ ಬರೆಯುತ್ತ ಅದನ್ನು ಹತ್ತು ಸಲ ನೋಡಿರಬೇಕು. ಕಾಗದ ಶುರು ಮಾಡಿದಾಗ ಅದು ಎಂಟು ಇತ್ತು. ಈಗ ಎಂಟು ಇಲ್ಲ. ಇಲ್ಲೇ ನಿಲ್ಲಿಸುತ್ತೇನೆ. ಗಂಟೆ ಒತ್ತುತ್ತಿದ್ದೇನೆ.

ನಾಲ್ಕು ಗಂಟೆ. ಮತ್ತೆ ಬರೆಯುತ್ತಿದ್ದೇನೆ. ಎಡಗೈಗೆ ಸೂಜಿ ಚುಚ್ಚಿದ್ದಾರೆ, ಬಲಗೈ ಬಿಟ್ಟಿದ್ದಾರೆ.

ಸಿಸ್ಟರ್ ಬಂದಳು. “ಬೆಳಿಗ್ಗೆ ನಾನು ಸುಳ್ಳು ಹೇಳಿದೆ. ಎಂಟಿತ್ತು. ಈಗ ಏಳು” ಅಂದೆ. ಆಕೆಯ ಮುಖದ ಬಣ್ಣ ಹೋದದ್ದು ನನಗೆ ಚೆನ್ನಾಗಿ ಕಾಣಿಸಿತು. ಹತ್ತೇ ನಿಮಿಷಕ್ಕೆ ದೊಡ್ಡ ಡಾಕ್ಟರು ಊಟ ಬಿಟ್ಟು ಬಂದರು. ಕಣ್ಣಿಗೆ ಬೆಳಕು ಬಿಟ್ಟರು, ಅಕ್ಷರ ಓದಿಸಿದರು, ಕೊನೆಯ ಎರಡು ಸಾಲು ನನಗೆ ಸಿಗಲಿಲ್ಲ. ನಿನ್ನೆ ಸಿಕ್ಕಿದ್ದವು. “ಯಾವಾಗಿಂದ?” ಅಂದರು. “ಬೆಳಿಗ್ಗೆ ಏಳರಿಂದ.” “ಹತ್ತು ಅಂತ ಬರೆದಿದೆಯಲ್ಲ ಇಲ್ಲಿ?” ಬೈಯಲಿ ಅಂತ ಕಾಯುತ್ತಿದ್ದೆ. ಅವರು ಬೈಯಲೇ ಇಲ್ಲ, ಗಡಿಯಾರ ನೋಡಿದರು. ಬೈಗುಳಕ್ಕಿಂತ ಅದು ಕೆಟ್ಟದಾಗಿತ್ತು.

ಮೂರು ದಿನ ರಕ್ತನಾಳಕ್ಕೆ ಹಾಕಿದ ಔಷಧಿಯನ್ನು ನಿನ್ನೆ ಮಾತ್ರೆಗೆ ಇಳಿಸಿದ್ದರು. ಈಗ ಮತ್ತೆ ನಾಳಕ್ಕೇ ಹಾಕುತ್ತಿದ್ದಾರೆ, ಜೊತೆಗೆ ಇನ್ನೊಂದು ಔಷಧಿಯನ್ನೂ ಶುರು ಮಾಡುತ್ತಾರಂತೆ. ಕಣತಲೆಯ ನಾಳದಿಂದ ಶನಿವಾರ ಪರೀಕ್ಷೆಗೆಂದು ತೆಗೆದ ಚೂರಿನ ವರದಿ ಬಂದಿದೆ, ಅವರು ಅಂದುಕೊಂಡದ್ದೇ ರೋಗ. ಉಳಿಯುತ್ತದಾ ಅಂತ ಕೇಳಿದೆ. “ನಾಳೆ ಬೆಳಿಗ್ಗೆವರೆಗೆ ನಿಂತ್ರೆ ನಿಲ್ಲುತ್ತೆ ಅನ್ಬಹುದು. ಈಗ ಏನೂ ಹೇಳಲ್ಲ” ಅಂದರು. ಹೊರಡುವ ಮುಂಚೆ ತಿರುಗಿ ಇನ್ನೊಂದು ಮಾತು ಕೇಳಿದರು. “ಅಮ್ಮಾ, ನಿಮಗೆ ಬಣ್ಣ ಗೊತ್ತು, ಆದ್ರೆ ನಿಮ್ಮ ಮಾತು ನಂಬೋಕಾಗಲ್ಲ. ನಿಮ್ಮ ಪಕ್ಕದಲ್ಲಿ ಕೂತು ನಿಜ ಹೇಳೋರು ಮನೇಲಿ ಯಾರಾದ್ರೂ ಇದ್ದಾರಾ?”

ಎಪ್ಪತ್ತೆರಡು ವರ್ಷಕ್ಕೆ ನನ್ನ ಬಗ್ಗೆ ಬಂದ ಸರಿಯಾದ ಮಾತು ಅದೊಂದೇ. “ಇದ್ದಾಳೆ, ನಾನೇ ಓಡಿಸಿದೆ” ಅಂದೆ.

ಈಗ ಆರು ಗಂಟೆ. ಐದಕ್ಕೆ ಮಗ ಬಂದ. ಹನಿ ಹನಿ ಇಳಿಯುವ ಬಾಟಲಿಯನ್ನು ನೋಡಿ ಅವನಿಗೆ ಅರ್ಥವಾಯಿತು. ಕೂರಿಸಿ ಬಾಯಲ್ಲಿ ಹೇಳೋಣ ಅಂತಿದ್ದೆ. ಆಗಲಿಲ್ಲ. ಇಲ್ಲಿಯವರೆಗಿನ ಹಾಳೆಗಳನ್ನು ಅವನ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದ. ಕೆಟ್ಟ ಅಕ್ಷರ, ಮಧ್ಯೆ ಮಧ್ಯೆ ನಿಲ್ಲುತ್ತಿದ್ದ. ನಾನು ಅವನ ಮುಖ ನೋಡಲಿಲ್ಲ, ಅವನ ಶೂ ನೋಡುತ್ತಿದ್ದೆ. ಕೊನೆಯ ಹಾಳೆ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದ. “ಮೂರು ಸಲ ಹೇಳಿದ್ಲಾ?”

“ಮೂರು ಸಲ” ಅಂದೆ.

ಅವನು ಹಾಳೆಗಳನ್ನು ಹಾಸಿಗೆಯ ಮೇಲಿಟ್ಟ. ಕಿಟಕಿಯ ಹತ್ತಿರ ಹೋಗಿ ನಿಂತ. ಭುಜ ಅಲ್ಲಾಡುತ್ತಿತ್ತು. ಅವನು ಅತ್ತದ್ದನ್ನು ಕಡೆಯ ಸಲ ನೋಡಿದ್ದು ಅವನಿಗೆ ಒಂಬತ್ತು ವರ್ಷವಿದ್ದಾಗ. ನನ್ನ ಕಣ್ಣಿಗಾಗಿ ಅಳುತ್ತಿಲ್ಲ ಅಂತ ನನಗೆ ಗೊತ್ತಾಯಿತು, ಅದು ಸರಿಯೂ ಹೌದು. ಆಮೇಲೆ ಬಂದು ನನ್ನ ದಿಂಬು ಸರಿ ಮಾಡಿದ, ನೀರು ಕೊಟ್ಟ, ಒಂದೂ ಮಾತಾಡಲಿಲ್ಲ. ನಾಲ್ಕು ದಿನದಿಂದ ನೀನು ಅಕ್ಕನ ಮನೆಯಲ್ಲಿ ಹೀಗೇ ಇದ್ದಿರಬೇಕು, ಮನೆಯಲ್ಲಿ ಹತ್ತೊಂಬತ್ತು ವರ್ಷವೂ ಹೀಗೇ ಇದ್ದೆಯೋ ಏನೋ. ಮಾತಾಡದವರ ಪಕ್ಕದಲ್ಲಿ ಮಲಗುವುದು ಎಷ್ಟು ಕಷ್ಟ ಅಂತ ಈಗ ತಿಳಿಯುತ್ತಿದೆ.

ಅವನನ್ನೂ ಸುಮ್ಮನೆ ಬಿಡಬೇಡ. ತಪ್ಪು ಹೊರಿಸಿದ್ದು ನಾನು, ಆದರೆ ನಿನ್ನನ್ನು ಒಂದು ಮಾತು ಕೇಳದೆ ನಂಬಿದವನು ಅವನು. ಹೆಂಡತಿಯನ್ನು ಕೇಳಬೇಕು ಅಂತ ನಾನು ಅವನಿಗೆ ಕಲಿಸಲಿಲ್ಲ. ಅದನ್ನು ಕಲಿಸುವ ಕೆಲಸ ಈಗ ನಿನ್ನ ತಲೆಗೇ ಬಂತು, ಪಾಪ. ಮಿಲ್ಲಿನ ಮಾಲೀಕರಿಗೂ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಬಸ್ ಸೀಟಿನ ಬಟ್ಟೆ ಕೆಟ್ಟದ್ದು ನನ್ನ ಕಣ್ಣಿಂದ, ನಿನ್ನ ತೂಕದಿಂದಲ್ಲ, ಆ ಕೋಣೆಯಲ್ಲಿ ಇನ್ನು ಕೂರಬೇಕಾದವಳು ನೀನು ಅಂತ. ನಿನಗೆ ಒಳ್ಳೆಯ ಕಣ್ಣಿದೆ. ಹತ್ತೊಂಬತ್ತು ವರ್ಷ ತಡವಾಯಿತು, ಆದರೂ ಹೇಳಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಗೊಣಗಿಕೊಂಡು ಜಾಗ ಬಿಡುತ್ತಿದ್ದೇನೆ ಅಂದುಕೊಳ್ಳಬೇಡ. ಜಾಗ ನಿನ್ನದೇ ಆಗಿತ್ತು.

ಈಗ ಅವನು ಬಾಗಿಲ ಹತ್ತಿರ ನಿಂತಿದ್ದಾನೆ, ಈ ಕಾಗದ ಮುಗಿಯಲಿ ಅಂತ. ಅಂಚೆಗೆ ಹಾಕುವಷ್ಟು ಹೊತ್ತು ನನಗಿಲ್ಲ, ಅವನೇ ನಿನ್ನ ಕೈಗೆ ಕೊಡುತ್ತಾನೆ. ನೀನು ಇದನ್ನು ಓದುವಾಗ ಅವನು ನಿನ್ನ ಅಕ್ಕನ ಮನೆಯ ಹೊಸ್ತಿಲಾಚೆ ನಿಂತಿರುತ್ತಾನೆ. ಒಳಗೆ ಕರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಕ್ಷಮಿಸು ಅಂತ ನಾನು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನನಗೆ ನಿನ್ನ ಸ್ವಭಾವ ಗೊತ್ತು, ಅದನ್ನು ಮತ್ತೆ ನನ್ನ ಅನುಕೂಲಕ್ಕೆ ಬಳಸಿಕೊಂಡ ಹಾಗಾಗುತ್ತದೆ.

ಆದರೆ ಬರುವುದಾದರೆ ಬೆಳಗಾಗುವವರೆಗೆ ಕಾಯಬೇಡ, ಇವತ್ತೇ ಬಾ. ಎದುರಿನ ಗೋಡೆಯ ಕೆಂಪು ಈಗಲೂ ಏಳರಲ್ಲೇ ನಿಂತಿದೆ, ಇಳಿದಿಲ್ಲ, ಏರಿಯೂ ಇಲ್ಲ. ನಾಳೆಗೆ ಏನಾಗುತ್ತದೋ ಯಾರೂ ಹೇಳುತ್ತಿಲ್ಲ. ನಾನು ನಿನ್ನ ಮುಖ ಕೊನೆಯ ಸಲ ನೋಡಿದ್ದು ನಿನ್ನ ಮೇಲೆ ಸುಳ್ಳು ಹೊರಿಸಿದ ಆ ಹೊತ್ತಿನಲ್ಲಿ. ಕತ್ತಲೆಯೇ ಆಗುವುದಾದರೆ ಆಗಲಿ, ಆದರೆ ಆ ಮುಖವನ್ನೇ ಇಟ್ಟುಕೊಂಡು ಉಳಿದ ವರ್ಷಗಳನ್ನು ಕಳೆಯಲು ನನಗೆ ಧೈರ್ಯವಿಲ್ಲ. ಸಿಟ್ಟಿನ ಮುಖವನ್ನಾದರೂ ತಾ.

ನಿನ್ನ ಮಾತನ್ನು ಇನ್ನು ಯಾರೂ ಅರ್ಧಕ್ಕೆ ತುಂಡರಿಸದಿರಲಿ, ನೂರು ವರ್ಷ ಕಣ್ತುಂಬ ಬಣ್ಣ ನೋಡು ಎಂದು ಹರಸುವ,

ನಿನ್ನ ಅತ್ತೆ